ಸಾಲಿನಲ್ಲಿ ಮೊದಲ ಬಿಟ್ ಯಾವುದು?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಪ್ರಶ್ನೆ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಕೇಳುವವರು ಹೆಚ್ಚಾಗಿ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು, ಇಲ್ಲವೇ ಎಂಬೆಡೆಡ್ ಕೆಲಸಕ್ಕೆ ಹೊಸದಾಗಿ ಸೇರಿದವರು. ಡಿಜಿಟಲ್ ಸಿಗ್ನಲ್ ಕಂಟ್ರೋಲರಿನ ಕೈಪಿಡಿ ತೆರೆದರೆ ಸಿಂಕ್ರೊನಸ್ ಸೀರಿಯಲ್ ಇಂಟರ್‌ಫೇಸ್ (ಎಸ್‌ಎಸ್‌ಐ) ಎಂಬ ದೊಡ್ಡ ಅಧ್ಯಾಯ ಎದುರಾಗುತ್ತದೆ. ಅದರೊಳಗೆ ನಾರ್ಮಲ್, ನೆಟ್‌ವರ್ಕ್, ಆನ್-ಡಿಮ್ಯಾಂಡ್, ಗೇಟೆಡ್ ಕ್ಲಾಕ್, ಸಿಂಕ್ರೊನಸ್, ಅಸಿಂಕ್ರೊನಸ್ ಎಂದು ಮೋಡ್‌ಗಳ ಸಾಲೇ ಇದೆ. ಯಾವುದನ್ನು ಯಾವಾಗ ಆರಿಸಬೇಕು, ಇಷ್ಟನ್ನೆಲ್ಲ ನೆನಪಿಡುವುದು ಹೇಗೆ ಎಂದು ಕೇಳುತ್ತಾರೆ. ನೆನಪಿಡುವ ಅಗತ್ಯವೇ ಇಲ್ಲ ಎಂಬುದು ನನ್ನ ಉತ್ತರ. ಒಂದೇ ಸಮನೆ ಒಂದು, ಸೊನ್ನೆಗಳು ಹರಿದು ಬರುತ್ತಿರುವ ತಂತಿಯಲ್ಲಿ ಒಂದು ವರ್ಡ್‌ನ ಮೊದಲ ಬಿಟ್ ಯಾವುದೆಂದು ಆ ತುದಿಯ ಚಿಪ್‌ಗೆ ಗೊತ್ತಾಗುವುದು ಹೇಗೆ? ಈ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಆ ಹೆಸರುಗಳಲ್ಲಿ ಹೆಚ್ಚಿನವು ಅದಕ್ಕೆ ಕೊಟ್ಟ ಬೇರೆ ಬೇರೆ ಉತ್ತರಗಳೆಂದು ಕಾಣತೊಡಗುತ್ತದೆ.

ಡಿಜಿಟಲ್ ಸಿಗ್ನಲ್ ಕಂಟ್ರೋಲರ್, ಅಂದರೆ ಡಿಎಸ್‌ಸಿ, ಎರಡು ಬಗೆಯ ಚಿಪ್‌ಗಳ ಕೆಲಸವನ್ನು ಒಂದೇ ಕಡೆ ಮಾಡುತ್ತದೆ. ಮೈಕ್ರೊಕಂಟ್ರೋಲರಿನಂತೆ ಟೈಮರ್, ಪಿಡಬ್ಲ್ಯುಎಂ, ಅನಲಾಗ್-ಡಿಜಿಟಲ್ ಪರಿವರ್ತಕಗಳನ್ನು ಹೊಂದಿರುತ್ತದೆ. ಜೊತೆಗೆ ಸಿಗ್ನಲ್ ಪ್ರೊಸೆಸರಿನಂತೆ ಗುಣಾಕಾರ ಮತ್ತು ಸಂಕಲನವನ್ನು ಒಂದೇ ಏಟಿಗೆ ಮುಗಿಸುತ್ತದೆ. ಮೋಟಾರು ಓಡಿಸುವಲ್ಲಿ, ಯುಪಿಎಸ್ ಮತ್ತು ಸೌರ ಇನ್ವರ್ಟರುಗಳಲ್ಲಿ, ಧ್ವನಿಯನ್ನು ಸಂಸ್ಕರಿಸುವ ಸಾಧನಗಳಲ್ಲಿ ಇದರ ಕೆಲಸ. ಇಂದು ನಾನು ಮುಖ್ಯವಾಗಿ ಮೊಟೊರೊಲಾದ 56800 ಕುಟುಂಬವನ್ನು ಎದುರಿಗಿಟ್ಟುಕೊಂಡು ಮಾತಾಡುತ್ತೇನೆ. ಇದಕ್ಕೆ ಕಾರಣವಿದೆ. ಆ ಕಂಪನಿ 1986ರಲ್ಲಿ ಹೊರತಂದ 24 ಬಿಟ್‌ನ ಡಿಎಸ್‌ಪಿ56000 ಸರಣಿಯಲ್ಲಿಯೇ ಈ ಎಸ್‌ಎಸ್‌ಐ ಇತ್ತು. 1988ರಲ್ಲಿ ಸ್ಟೀವ್ ಜಾಬ್ಸ್ ಬಿಡುಗಡೆ ಮಾಡಿದ ನೆಕ್ಸ್ಟ್ ಕಂಪ್ಯೂಟರಿನ ಒಳಗೆ ಕೂತಿದ್ದ 56001 ಅದೇ ಸರಣಿಯದು. ಅಲ್ಲಿಂದ 16 ಬಿಟ್‌ನ 56800ಕ್ಕೆ ಇಂಟರ್‌ಫೇಸ್ ಬಂದಾಗ ರಿಜಿಸ್ಟರುಗಳ ಹೆಸರು ಒಂದಿಷ್ಟು ಬದಲಾದವು, ಮೂಲ ಆಲೋಚನೆ ಬದಲಾಗಲಿಲ್ಲ. 2004ರಲ್ಲಿ ಚಿಪ್ ವಿಭಾಗ ಫ್ರೀಸ್ಕೇಲ್ ಆಯಿತು, 2015ರಲ್ಲಿ ಎನ್‌ಎಕ್ಸ್‌ಪಿ ಜೊತೆ ಸೇರಿತು. ಇಷ್ಟೆಲ್ಲ ಕೈ ಬದಲಾದರೂ ಉಳಿದುಬಂದ ವಿನ್ಯಾಸ ಕಲಿಯುವುದಕ್ಕೆ ಒಳ್ಳೆಯ ಪಠ್ಯ.

ಎಸ್‌ಎಸ್‌ಐಗೆ ಆರು ಪಿನ್. ಡೇಟಾ ಹೊರಹೋಗಲು ಒಂದು, ಒಳಬರಲು ಒಂದು. ಕಳಿಸುವ ಬದಿಗೆ ಒಂದು ಕ್ಲಾಕ್, ಒಂದು ಫ್ರೇಮ್ ಸಿಂಕ್. ಪಡೆಯುವ ಬದಿಗೂ ಹಾಗೆಯೇ ಒಂದೊಂದು. ಪ್ರತಿ ಕ್ಲಾಕ್ ಬಡಿತಕ್ಕೆ ಒಂದು ಬಿಟ್ ತಂತಿಯ ಮೇಲೆ ಸರಿಯುತ್ತದೆ. ಆದರೆ ಬಡಿತ ಮಾತ್ರ ಕೇಳಿದರೆ ಎಲ್ಲ ಬಿಟ್‌ಗಳೂ ಒಂದೇ. ಕರ್ನಾಟಕ ಸಂಗೀತ ಕೇಳುವವರಿಗೆ ಇದು ಬೇಗ ಹೊಳೆಯುತ್ತದೆ. ಆದಿತಾಳದ ಎಂಟು ಅಕ್ಷರಗಳನ್ನು ಬರಿಯ ಟಿಕ್ ಟಿಕ್ ಎಂದು ಎಣಿಸಿದರೆ ಆವರ್ತ ಎಲ್ಲಿ ಮೊದಲಾಯಿತೆಂದು ಹೊಸಬನಿಗೆ ತಿಳಿಯುವುದಿಲ್ಲ. ತಾಳ ಹಾಕುವವರ ಕೈ ಮೊದಲ ಘಾತಕ್ಕೆ ತೊಡೆ ಮುಟ್ಟಿದಾಗ ತಿಳಿಯುತ್ತದೆ. ಇಲ್ಲಿ ಆ ಘಾತದ ಕೆಲಸ ಮಾಡುವುದು ಫ್ರೇಮ್ ಸಿಂಕ್. ಇನ್ನೊಂದು ಸೂಕ್ಷ್ಮವೂ ಇದೆ. ಕೃತಿಯನ್ನು ಸಮದಲ್ಲಿಯೇ ಎತ್ತಬೇಕೆಂದಿಲ್ಲ, ತಾಳ ಮೊದಲಾಗಿ ಸ್ವಲ್ಪ ಬಿಟ್ಟು ಅನಾಗತದಲ್ಲೂ ಎತ್ತಬಹುದು. ಹಾಡುವವರಿಗೂ ಮೃದಂಗದವರಿಗೂ ಎಡುಪು ಎಲ್ಲಿದೆಯೆಂದು ಮೊದಲೇ ಗೊತ್ತಿದ್ದರಾಯಿತು. ಎಸ್‌ಎಸ್‌ಐನಲ್ಲೂ ಹೀಗೊಂದು ಎಡುಪು ಇದೆ, ಹೊಸಬರ ಬೋರ್ಡ್‌ಗಳು ಎಡವುವುದು ಬಹಳ ಸಲ ಅಲ್ಲಿಯೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾರ್ಮಲ್ ಮೋಡ್. ಒಂದು ಫ್ರೇಮ್‌ಗೆ ಒಂದೇ ವರ್ಡ್. ಫ್ರೇಮ್ ಸಿಂಕ್ ಬಂತು, ಒಂದು ವರ್ಡ್ ಹೋಯಿತು, ಮುಂದಿನ ಫ್ರೇಮ್ ಸಿಂಕ್‌ವರೆಗೆ ಡೇಟಾ ತಂತಿಗೆ ಕೆಲಸವಿಲ್ಲ. ದೂರವಾಣಿ ಗುಣಮಟ್ಟದ ಒಂದು ಧ್ವನಿ ಕೋಡೆಕ್ ಇದೆಯೆನ್ನಿ. ಸೆಕೆಂಡಿಗೆ 8,000 ಸ್ಯಾಂಪಲ್, ಒಂದೊಂದೂ 16 ಬಿಟ್. ಇಷ್ಟನ್ನು ಸಾಗಿಸಲು 128 ಕಿಲೋಹರ್ಟ್ಜ್ ಕ್ಲಾಕ್ ಸಾಕು. ಆದರೆ ಇಂಥ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ಲಾಕ್ 2.048 ಮೆಗಾಹರ್ಟ್ಜ್. ಲೆಕ್ಕ ಹಾಕಿ: ಒಂದು ಫ್ರೇಮ್‌ಗೆ 256 ಬಡಿತ, ಅಂದರೆ 16 ಬಿಟ್‌ನ ಹದಿನಾರು ಸ್ಲಾಟ್‌ಗಳಷ್ಟು ಜಾಗ. ನಾರ್ಮಲ್ ಮೋಡ್‌ನಲ್ಲಿ ಮೊದಲ ಸ್ಲಾಟ್ ಮಾತ್ರ ಬಳಕೆಯಾಗುತ್ತದೆ, ಉಳಿದ ಹದಿನೈದು ಖಾಲಿ. ನಷ್ಟವೇನೂ ಇಲ್ಲ. ಪ್ರೋಗ್ರಾಂಗೆ ಸೆಕೆಂಡಿಗೆ 8,000 ಸಲ ಮಾತ್ರ ಕರೆ ಬರುತ್ತದೆ, ಪ್ರತಿ ಕರೆಗೂ ಒಂದು ಸ್ಯಾಂಪಲ್ ಬರೆದು ಒಂದು ಓದಿದರೆ ಮುಗಿಯಿತು. ಒಂದು ಕೋಡೆಕ್, ಒಂದು ಚಾನೆಲ್ ಇದ್ದಲ್ಲಿ ಇದಕ್ಕಿಂತ ಹೆಚ್ಚಿನದನ್ನು ಹುಡುಕಿಕೊಂಡು ಹೋಗಬಾರದೆಂದು ನಾನು ಕಿರಿಯರಿಗೆ ಹೇಳುತ್ತೇನೆ.

ನಾರ್ಮಲ್ ಮೋಡ್‌ನಲ್ಲಿಯೇ ಕೈಪಿಡಿ ಒಂದು ಎಚ್ಚರಿಕೆ ಕೊಡುತ್ತದೆ. ಓದುಗರಿಗೆ ಅದು ಕಾರಣವಿಲ್ಲದ ಕಟ್ಟಳೆಯಂತೆ ಕಾಣುತ್ತದಂತೆ. ಫ್ರೇಮ್ ಸಿಂಕ್ ಎರಡು ಬಗೆಯದಿರಬಹುದು: ಒಂದು ಬಿಟ್‌ನಷ್ಟು ಉದ್ದದ್ದು, ಇಲ್ಲವೇ ಇಡೀ ವರ್ಡ್‌ನಷ್ಟು ಉದ್ದದ್ದು. ಫ್ರೇಮ್ ಎಷ್ಟು ವರ್ಡ್ ಉದ್ದವೆಂದು ಹೇಳುವ ಭಾಜಕವನ್ನು 1 ಎಂದು ಇಟ್ಟರೆ ಬಿಟ್ ಉದ್ದದ ಸಿಂಕ್ ಅನ್ನೇ ಬಳಸಬೇಕು ಎನ್ನುತ್ತದೆ ಕೈಪಿಡಿ. ಏಕೆಂದು ಯೋಚಿಸಿ. ಭಾಜಕ 1 ಎಂದರೆ ವರ್ಡ್‌ಗಳ ನಡುವೆ ಬಿಡುವೇ ಇಲ್ಲ, ಒಂದರ ಬೆನ್ನಿಗೆ ಇನ್ನೊಂದು. ಸಿಂಕ್ ಕೂಡ ವರ್ಡ್‌ನಷ್ಟೇ ಉದ್ದವಿದ್ದರೆ ಅದು ಒಮ್ಮೆ ಮೇಲೆ ಹೋದದ್ದು ಕೆಳಗೆ ಇಳಿಯುವುದೇ ಇಲ್ಲ. ಬದಲಾಗದ ತಂತಿ ಯಾವ ಸುದ್ದಿಯನ್ನೂ ಹೇಳಲಾರದು. ಪಡೆಯುವ ಚಿಪ್‌ಗೆ ಬೇಕಿರುವುದು ಮಟ್ಟದಲ್ಲಾಗುವ ಬದಲಾವಣೆ. ಇದನ್ನು ಒಮ್ಮೆ ಕಾಗದದ ಮೇಲೆ ಬರೆದು ನೋಡಿದವರು ಆ ಕಟ್ಟಳೆಯನ್ನು ಮರೆಯುವುದಿಲ್ಲ.

ಒಂದೇ ತಂತಿಯನ್ನು ಹಲವರು ಹಂಚಿಕೊಳ್ಳಬೇಕಾದಾಗ ಬೇಕಾಗುವುದು ನೆಟ್‌ವರ್ಕ್ ಮೋಡ್. ಇಲ್ಲಿ ಒಂದು ಫ್ರೇಮ್‌ನಲ್ಲಿ ಎರಡರಿಂದ ಮೂವತ್ತೆರಡರವರೆಗೆ ಟೈಮ್ ಸ್ಲಾಟ್‌ಗಳಿರಬಹುದು, ಪ್ರತಿ ಸ್ಲಾಟ್‌ನಲ್ಲೂ ಒಂದು ವರ್ಡ್. ಮೂವತ್ತೆರಡು ಎಂಬ ಅಂಕಿ ದೂರಸಂಪರ್ಕದವರಿಗೆ ಹಳೆಯ ಗೆಳೆಯ. ಫೋನಿನ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು ಪ್ರತಿ ಅಳತೆಯನ್ನೂ 8 ಬಿಟ್‌ನಲ್ಲಿ ಬರೆದರೆ ಒಂದು ಕರೆಗೆ ಸೆಕೆಂಡಿಗೆ 64 ಸಾವಿರ ಬಿಟ್. ಎರಡು ಅಳತೆಗಳ ನಡುವಿನ ಅಂತರ 125 ಮೈಕ್ರೊಸೆಕೆಂಡ್. ಅಷ್ಟರೊಳಗೆ ಒಬ್ಬರ 8 ಬಿಟ್ ಕಳಿಸಿ ಸುಮ್ಮನಿರುವ ಬದಲು 32 ಸ್ಲಾಟ್ ತುಂಬಿಸಿದರೆ ಸೆಕೆಂಡಿಗೆ 20 ಲಕ್ಷದ 48 ಸಾವಿರ ಬಿಟ್ ಆಗುತ್ತದೆ. ಇದೇ ಯುರೋಪ್ ಮತ್ತು ಭಾರತದ ದೂರವಾಣಿ ಜಾಲಗಳು ಬಳಸಿದ ಇ1 ಸಾಲು. ಅದರಲ್ಲಿ 30 ಸ್ಲಾಟ್ ಮಾತುಕತೆಗೆ. 16ನೆಯದು ಕರೆ ಜೋಡಿಸುವ ಸಂದೇಶಗಳಿಗೆ. ಸೊನ್ನೆಯದು ಫ್ರೇಮ್ ಎಲ್ಲಿ ಮೊದಲಾಗುತ್ತದೆಂದು ಸಾರುವುದಕ್ಕೆ. ದೂರದ ಕೇಬಲ್‌ನಲ್ಲಿ ಫ್ರೇಮ್ ಸಿಂಕ್‌ಗೆ ಪ್ರತ್ಯೇಕ ತಂತಿ ಇರುವುದಿಲ್ಲವಲ್ಲ, ಆದ್ದರಿಂದ ಗುರುತಿನ ಬಿಟ್ ಮಾದರಿಯನ್ನೇ ಡೇಟಾದೊಳಗೆ ಹೆಣೆದಿದ್ದಾರೆ. ಬೋರ್ಡ್‌ನೊಳಗೆ ತಂತಿ ಕೊಟ್ಟು ಪರಿಹರಿಸಿದ ಸಮಸ್ಯೆಗೆ ಕೇಬಲ್‌ನಲ್ಲಿ ಕಂಡುಕೊಂಡ ಪರಿಹಾರವಿದು.

ಸ್ಲಾಟ್ ಹಂಚಿಕೆಯ ಈ ತಂತ್ರಕ್ಕೂ ನಮ್ಮ ನಾಡಿಗೂ ನೇರ ನಂಟಿದೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ಮಾಡಿ ಹಳ್ಳಿಗಳಿಗೆಂದೇ ರೂಪಿಸಿದ 128 ಲೈನ್‌ನ ಡಿಜಿಟಲ್ ಎಕ್ಸ್‌ಚೇಂಜ್ ಮೊದಲು ಕಾರ್ಯ ಆರಂಭಿಸಿದ್ದು 1986ರಲ್ಲಿ, ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಡಿಜಿಟಲ್ ಎಕ್ಸ್‌ಚೇಂಜ್ ಎಂದರೆ ಒಬ್ಬರ ಸ್ಲಾಟ್‌ನಲ್ಲಿ ಬಂದ ಧ್ವನಿಯ ಬಿಟ್‌ಗಳನ್ನು ಇನ್ನೊಬ್ಬರ ಸ್ಲಾಟ್‌ಗೆ ಎತ್ತಿಡುವ ಯಂತ್ರ. ನೆಟ್‌ವರ್ಕ್ ಮೋಡ್ ಕಲಿಯುತ್ತಿರುವ ವಿದ್ಯಾರ್ಥಿ ತನ್ನ ಬೋರ್ಡ್ ಮೇಲೆ ಅದೇ ತತ್ವವನ್ನು ಸಣ್ಣ ಪ್ರಮಾಣದಲ್ಲಿ ನಡೆಸುತ್ತಿರುತ್ತಾನೆ.

ಹಂಚಿಕೊಳ್ಳುವುದೆಂದರೆ ಸರದಿ ಬಂದಾಗ ಮಾತಾಡುವುದಷ್ಟೇ ಅಲ್ಲ, ಸರದಿಯಲ್ಲದಾಗ ತಂತಿಯಿಂದ ಕೈ ತೆಗೆಯುವುದೂ ಹೌದು. ನಾಲ್ಕು ಡಿಎಸ್‌ಸಿಗಳ ಡೇಟಾ ಪಿನ್‌ಗಳು ಒಂದೇ ತಂತಿಗೆ ಸೇರಿವೆಯೆನ್ನಿ. ಒಂದು ಮಾತಾಡುವಾಗ ಉಳಿದ ಮೂರು ತಮ್ಮ ಪಿನ್‌ಗಳನ್ನು ಹೈ-ಇಂಪಿಡೆನ್ಸ್ ಸ್ಥಿತಿಯಲ್ಲಿ ಇಡಬೇಕು. ಇಲ್ಲವಾದರೆ ಒಂದು ಚಿಪ್ ತಂತಿಯನ್ನು ಮೇಲಕ್ಕೆ, ಇನ್ನೊಂದು ಕೆಳಕ್ಕೆ ಎಳೆದು ಇಬ್ಬರ ಡೇಟಾವೂ ಕೆಡುತ್ತದೆ. ಇದಕ್ಕಾಗಿ ಎಸ್‌ಎಸ್‌ಐ ವಿನ್ಯಾಸಕರು ಟೈಮ್ ಸ್ಲಾಟ್ ರಿಜಿಸ್ಟರ್ ಎಂಬುದನ್ನು ಇಟ್ಟಿದ್ದಾರೆ. ಅದಕ್ಕೆ ಏನನ್ನು ಬರೆದರೂ ಬರೆದ ಮೌಲ್ಯ ಎಲ್ಲಿಗೂ ಹೋಗುವುದಿಲ್ಲ, ಆ ಸ್ಲಾಟ್‌ನ ಮಟ್ಟಿಗೆ ಪಿನ್ ತಂತಿಯಿಂದ ಬೇರ್ಪಡುತ್ತದೆ. ಅಂದರೆ ಪ್ರೋಗ್ರಾಂ ಪ್ರತಿ ಸ್ಲಾಟ್‌ಗೂ ಒಂದು ತೀರ್ಮಾನ ಕೊಡಲೇಬೇಕು: ಡೇಟಾ ರಿಜಿಸ್ಟರಿಗೆ ಬರೆದು ಮಾತಾಡು, ಇಲ್ಲವೇ ಟೈಮ್ ಸ್ಲಾಟ್ ರಿಜಿಸ್ಟರಿಗೆ ಬರೆದು ಸುಮ್ಮನಿರು. ಎರಡನ್ನೂ ಮಾಡದೆ ತಡಮಾಡಿದರೆ ಹಳೆಯ ವರ್ಡ್ ಮತ್ತೊಮ್ಮೆ ಹೊರಟುಹೋಗುತ್ತದೆ, ಅಂಡರ್‌ರನ್ ಎಂಬ ದೋಷದ ಬಿಟ್ ಏಳುತ್ತದೆ. ಎಷ್ಟೋ ಮಾದರಿ ಪ್ರೋಗ್ರಾಂಗಳು ಆ ಬಿಟ್ ಅನ್ನು ಓದುವುದೇ ಇಲ್ಲ. ಧ್ವನಿಯಲ್ಲಿ ಅಲ್ಲಲ್ಲಿ ಚಿಟಿಕೆ ಹೊಡೆದಂತೆ ಸದ್ದು ಬರುತ್ತದೆಂದು ಯಾರಾದರೂ ಬರೆದಾಗ ನಾನು ಮೊದಲು ಕೇಳುವುದು, ಅಂಡರ್‌ರನ್ ಬಿಟ್ ನೋಡಿದಿರಾ ಎಂದು.

ನೆಟ್‌ವರ್ಕ್ ಮೋಡ್‌ಗೆ ತೆರಬೇಕಾದ ಬೆಲೆ ಸಮಯ. ಮೇಲೆ ಹೇಳಿದ 2.048 ಮೆಗಾಹರ್ಟ್ಜ್ ಸಾಲಿನಲ್ಲಿ ಹದಿನಾರು ಸ್ಲಾಟ್‌ಗಳನ್ನೂ ನೋಡಿಕೊಳ್ಳಬೇಕೆಂದರೆ ಸೆಕೆಂಡಿಗೆ 1,28,000 ಸ್ಲಾಟ್‌ಗಳು. 56ಎಫ್826 ಚಿಪ್ ಸೆಕೆಂಡಿಗೆ 4 ಕೋಟಿ ಇನ್‌ಸ್ಟ್ರಕ್ಷನ್ ನಡೆಸಬಲ್ಲದು. ಒಂದು ಸ್ಲಾಟ್‌ಗೆ ಸುಮಾರು 312 ಬಂದಂತಾಯಿತು. ಇಂಟರಪ್ಟ್‌ಗೆ ಹೋಗಿ ಬರುವುದು, ರಿಜಿಸ್ಟರುಗಳನ್ನು ಉಳಿಸಿ ಮರಳಿ ತುಂಬುವುದು ಇದರೊಳಗೇ ಆಗಬೇಕು, ಉಳಿದದ್ದರಲ್ಲಿ ಫಿಲ್ಟರ್ ಲೆಕ್ಕವೂ ನಡೆಯಬೇಕು. ಹೀಗಾಗಿ ಫ್ರೇಮ್‌ನಲ್ಲಿ ನಿಜವಾಗಿ ಬೇಕಾದಷ್ಟೇ ಸ್ಲಾಟ್ ಇಡುವುದು, ಕ್ಲಾಕ್ ಅನ್ನು ಅಗತ್ಯಕ್ಕಿಂತ ಏರಿಸದಿರುವುದು ಒಳ್ಳೆಯ ಅಭ್ಯಾಸ. ಸ್ಲಾಟ್ ಎಣಿಕೆಯನ್ನು ಪ್ರೋಗ್ರಾಂ ತನ್ನಷ್ಟಕ್ಕೆ ಮಾಡಿಕೊಳ್ಳುತ್ತಿದ್ದರೆ ಇನ್ನೊಂದು ಎಚ್ಚರ ಬೇಕು. ಒಂದೇ ಒಂದು ಇಂಟರಪ್ಟ್ ತಪ್ಪಿಹೋದರೂ ಎಡಗಡೆಯ ಧ್ವನಿ ಬಲಕ್ಕೆ, ಬಲದ್ದು ಎಡಕ್ಕೆ ಹೋಗಿ ಹಾಗೆಯೇ ನಿಂತುಬಿಡುತ್ತದೆ. ಫ್ರೇಮ್‌ನ ಮೊದಲ ಸ್ಲಾಟ್ ಬಂದಾಗ ಏಳುವ ಬಿಟ್ ಒಂದನ್ನು ಸ್ಥಿತಿ ರಿಜಿಸ್ಟರಿನಲ್ಲಿ ಕೊಟ್ಟಿದ್ದಾರೆ. ಅದನ್ನು ನೋಡಿ ಎಣಿಕೆಯನ್ನು ಸೊನ್ನೆಗೆ ತಂದುಕೊಳ್ಳುವ ಪ್ರೋಗ್ರಾಂ ಎಡವಿದರೂ ಮುಂದಿನ ಫ್ರೇಮ್‌ನಲ್ಲಿ ತಾನಾಗಿ ಸರಿಹೋಗುತ್ತದೆ.

ಹೀಗೆ ತಾನಾಗಿ ಸರಿಹೋಗುವ ಗುಣವೇ ಫ್ರೇಮ್ ಸಿಂಕ್‌ನ ದೊಡ್ಡ ಕೊಡುಗೆ ಎಂಬುದು ನನ್ನ ಅಭಿಪ್ರಾಯ. ಅದರ ಬೆಲೆ ತಿಳಿಯಬೇಕಾದರೆ ಅದಿಲ್ಲದ ಗೇಟೆಡ್ ಕ್ಲಾಕ್ ಮೋಡ್ ನೋಡಬೇಕು. ಅಲ್ಲಿ ಕ್ಲಾಕ್ ಯಾವಾಗಲೂ ಓಡುವುದಿಲ್ಲ. ಡೇಟಾ ಇದ್ದಾಗ ಮಾತ್ರ ಬಡಿಯುತ್ತದೆ, ಇಲ್ಲದಾಗ ನಿಂತಿರುತ್ತದೆ. ಕ್ಲಾಕ್ ಬಡಿದರೆ ಬಿಟ್ ಇದೆ ಎಂದೇ ಅರ್ಥವಾದ್ದರಿಂದ ಫ್ರೇಮ್ ಸಿಂಕ್ ತಂತಿ ಬೇಕಿಲ್ಲ. ಎಸ್‌ಪಿಐ ರೀತಿಯ ಸಾಧನಗಳನ್ನು, ಸರಳ ಶಿಫ್ಟ್ ರಿಜಿಸ್ಟರುಗಳನ್ನು ಜೋಡಿಸಲು ಇದು ಅನುಕೂಲ. ಆದರೆ ಪಡೆಯುವ ಚಿಪ್ ಈಗ ಎಣಿಕೆಯನ್ನೇ ನಂಬಿ ಕೂತಿದೆ. ಪಕ್ಕದ ಮೋಟಾರಿನ ಗದ್ದಲ ಕ್ಲಾಕ್ ತಂತಿಗೆ ಒಂದು ಸುಳ್ಳು ಬಡಿತ ಸೇರಿಸಿತೆಂದರೆ ಅಲ್ಲಿಂದ ಮುಂದಿನ ಎಲ್ಲ ವರ್ಡ್‌ಗಳೂ ಒಂದು ಬಿಟ್ ಸರಿದೇ ಬರುತ್ತವೆ, ಸರಿಪಡಿಸುವವರು ಯಾರೂ ಇಲ್ಲ. ಎಸ್‌ಪಿಐನಲ್ಲಿ ಚಿಪ್ ಸೆಲೆಕ್ಟ್ ಎಂಬ ನಾಲ್ಕನೆಯ ತಂತಿ ಪ್ರತಿ ವ್ಯವಹಾರದ ಮೊದಲು ಕೆಳಗಿಳಿದು ಎಣಿಕೆಯನ್ನು ಹೊಸದಾಗಿ ಶುರುಮಾಡಿಸುವುದು ಈ ಅಪಾಯಕ್ಕಾಗಿಯೇ. ಹೆಚ್ಚು ವಿದ್ಯುತ್ ಗದ್ದಲವಿರುವ ಕಡೆ ಬರಿಯ ಗೇಟೆಡ್ ಕ್ಲಾಕ್ ನೆಚ್ಚಿಕೊಂಡು ಉದ್ದದ ತಂತಿ ಎಳೆಯುವುದನ್ನು ನಾನು ಒಪ್ಪುವುದಿಲ್ಲ.

ಯಂತ್ರೋಪಕರಣಗಳ ಕೆಲಸದಲ್ಲಿರುವ ಓದುಗರು ಇಲ್ಲಿ ಒಂದು ಮಾತು ಕೇಳುತ್ತಾರೆ. ಸಿಎನ್‌ಸಿ ಯಂತ್ರಗಳ ಅಬ್ಸೊಲ್ಯೂಟ್ ಎನ್‌ಕೋಡರ್‌ಗಳಲ್ಲೂ ಎಸ್‌ಎಸ್‌ಐ ಇದೆಯಲ್ಲ, ಅದೇ ಇದೇನೇ? ಅಲ್ಲ, ಅದು ಬೇರೆ ವಂಶ. ಜರ್ಮನಿಯ ಮ್ಯಾಕ್ಸ್ ಸ್ಟೆಗ್‌ಮನ್ ಕಂಪನಿಯಿಂದ 1984ರಲ್ಲಿ ಬಂದದ್ದು. ಆದರೂ ಇವತ್ತಿನ ಪ್ರಶ್ನೆಗೆ ಅದು ಕೊಡುವ ಉತ್ತರ ನೋಡುವಂತಿದೆ. ನಿಯಂತ್ರಕ ಕ್ಲಾಕ್ ಕಳಿಸುತ್ತದೆ, ಮೊದಲ ಇಳಿಯುವ ಅಂಚಿಗೆ ಎನ್‌ಕೋಡರ್ ತನ್ನ ಸ್ಥಾನವನ್ನು ಹಿಡಿದಿಟ್ಟುಕೊಂಡು ಆಮೇಲಿನ ಬಡಿತಗಳಿಗೆ ಒಂದೊಂದೇ ಬಿಟ್ ಹೊರಹಾಕುತ್ತದೆ. ಒಂದೇ ಸುತ್ತು ಅಳೆಯುವ ಎನ್‌ಕೋಡರಿಗೆ ಸಾಮಾನ್ಯವಾಗಿ 13 ಬಿಟ್, ಹಲವು ಸುತ್ತು ಅಳೆಯುವುದಕ್ಕೆ 25. ಕ್ಲಾಕ್ ಒಂದಿಷ್ಟು ಹೊತ್ತು ಸುಮ್ಮನಿದ್ದರೆ ಈ ಓದು ಮುಗಿಯಿತು, ಇನ್ನು ಬರುವುದು ಹೊಸದು ಎಂದು ಎನ್‌ಕೋಡರ್ ತಿಳಿಯುತ್ತದೆ. ಹೆಚ್ಚಿನ ತಂತಿ ಇಲ್ಲ, ಗುರುತಿನ ಮಾದರಿಯೂ ಇಲ್ಲ, ಬಿಡುವೇ ಗಡಿ. ಕ್ಲಾಕ್ ಮತ್ತು ಡೇಟಾ ಎರಡೂ ತಲಾ ಒಂದು ಜೋಡಿ ತಂತಿಯಲ್ಲಿ ಡಿಫರೆನ್ಷಿಯಲ್ ಆಗಿ ಸಾಗುವುದರಿಂದ ಅದು ಕಾರ್ಖಾನೆಯ ಗದ್ದಲವನ್ನೂ ತಡೆದುಕೊಳ್ಳುತ್ತದೆ.

ಇನ್ನು ಆನ್-ಡಿಮ್ಯಾಂಡ್ ಮೋಡ್. 56000 ಸರಣಿಯ ಕಾಲದಿಂದಲೂ ಇದು ನೆಟ್‌ವರ್ಕ್ ಮೋಡ್‌ನ ವಿಶೇಷ ರೂಪ; ನೆಟ್‌ವರ್ಕ್ ಮೋಡ್ ಆರಿಸಿ ಭಾಜಕವನ್ನು 1 ಎಂದು ಇಟ್ಟರೆ ಸಿಗುತ್ತದೆ. ಫ್ರೇಮ್ ಸಿಂಕ್ ಇರುವ ಉಳಿದ ಮೋಡ್‌ಗಳಲ್ಲಿ ಅದು ತನ್ನ ಲಯದಲ್ಲಿ ಬರುತ್ತಲೇ ಇರುತ್ತದೆ, ಡೇಟಾ ಸಿದ್ಧವಿರಲಿ ಬಿಡಲಿ. ಇಲ್ಲಿ ಹಾಗಲ್ಲ, ಪ್ರೋಗ್ರಾಂ ಡೇಟಾ ಬರೆದಾಗ ಮಾತ್ರ ಒಂದು ಸಿಂಕ್ ಹೊರಡುತ್ತದೆ, ಅದರ ಬೆನ್ನಿಗೆ ಆ ವರ್ಡ್. ಲಯವೇ ಇಲ್ಲದಿರುವುದರಿಂದ ಅಂಡರ್‌ರನ್ ಪ್ರಶ್ನೆಯೂ ಇಲ್ಲ. ಒಂದು ಡಿಎಸ್‌ಪಿಯಿಂದ ಇನ್ನೊಂದಕ್ಕೆ ಆಗೊಮ್ಮೆ ಈಗೊಮ್ಮೆ ಸಂದೇಶ ಕಳಿಸಲು ಇದು ಸರಿ. ಧ್ವನಿಗೆ ಇದು ಸಲ್ಲದು, ಏಕೆಂದರೆ ಕೋಡೆಕ್‌ಗೆ ಬೇಕಿರುವುದೇ ತಪ್ಪದ ಲಯ.

ಸಿಂಕ್ರೊನಸ್, ಅಸಿಂಕ್ರೊನಸ್ ಎಂಬ ಜೋಡಿ ಓದುಗರನ್ನು ಎಲ್ಲಕ್ಕಿಂತ ಹೆಚ್ಚು ಗೊಂದಲಕ್ಕೆ ಕೆಡವುತ್ತದೆ. ಸಿಂಕ್ರೊನಸ್ ಇಂಟರ್‌ಫೇಸ್‌ನಲ್ಲಿ ಅಸಿಂಕ್ರೊನಸ್ ಮೋಡ್ ಹೇಗೆ ಸಾಧ್ಯ ಎಂದು ಕೇಳುತ್ತಾರೆ. ಇದಕ್ಕೂ ಕ್ಲಾಕ್ ತಂತಿಯೇ ಇಲ್ಲದ ಯುಎಆರ್‌ಟಿಗೂ ಸಂಬಂಧವಿಲ್ಲ. ಎರಡರಲ್ಲೂ ಕ್ಲಾಕ್ ಇದ್ದೇ ಇದೆ. ಕಳಿಸುವುದಕ್ಕೂ ಪಡೆಯುವುದಕ್ಕೂ ಒಂದೇ ಕ್ಲಾಕ್, ಒಂದೇ ಫ್ರೇಮ್ ಸಿಂಕ್ ಸಾಕು ಎಂದಾದರೆ ಸಿಂಕ್ರೊನಸ್. ಆಗ ಪಡೆಯುವ ಬದಿಯ ಎರಡು ಪಿನ್‌ಗಳು ಬೇರೆ ಕೆಲಸಕ್ಕೆ ಉಳಿಯುತ್ತವೆ. ಒಂದೇ ಕೋಡೆಕ್‌ಗೆ ಮಾತಾಡಿ ಅದರಿಂದಲೇ ಕೇಳುವಾಗ ಇದೇ ಸರಿಯಾದ ಆಯ್ಕೆ. ಒಂದು ಸಾಧನದಿಂದ ಪಡೆದು, ಬೇರೆ ವೇಗದಲ್ಲಿ ಓಡುವ ಇನ್ನೊಂದಕ್ಕೆ ಕಳಿಸಬೇಕಾದರೆ ಎರಡು ಬದಿಗೂ ಸ್ವಂತ ಕ್ಲಾಕ್ ಬೇಕು, ಅದು ಅಸಿಂಕ್ರೊನಸ್. ಹೀಗೆ ನೋಡಿದರೆ ಇದು ನಾರ್ಮಲ್, ನೆಟ್‌ವರ್ಕ್‌ಗಳ ಪಕ್ಕದಲ್ಲಿ ನಿಲ್ಲುವ ಇನ್ನೊಂದು ಮೋಡ್ ಅಲ್ಲ, ಅವುಗಳ ಮೇಲೆ ಮಾಡುವ ಪ್ರತ್ಯೇಕ ಆಯ್ಕೆ. ನಾರ್ಮಲ್ ಕೂಡ ಎರಡೂ ರೀತಿ ಇರಬಹುದು, ನೆಟ್‌ವರ್ಕ್ ಕೂಡ. ಕೈಪಿಡಿಗಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ಪಟ್ಟಿ ಮಾಡುವುದರಿಂದಲೇ ಮೋಡ್‌ಗಳು ಲೆಕ್ಕವಿಲ್ಲದಷ್ಟಿವೆ ಎಂಬ ಭಯ ಹುಟ್ಟುತ್ತದೆ.

ಕ್ಲಾಕ್ ಯಾರು ಕೊಡಬೇಕು ಎಂಬುದು ಇಂಥದೇ ಇನ್ನೊಂದು ಆಯ್ಕೆ. ಧ್ವನಿಯ ಕೆಲಸವಾದರೆ ಸಾಧ್ಯವಾದಾಗಲೆಲ್ಲ ಕೋಡೆಕ್ ಕ್ಲಾಕ್ ಕೊಡಲಿ, ಡಿಎಸ್‌ಸಿ ಅದನ್ನು ಅನುಸರಿಸಲಿ ಎನ್ನುತ್ತೇನೆ. ಲೆಕ್ಕವೇ ಕಾರಣ ಹೇಳುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್, ಎರಡು ಚಾನೆಲ್, 16 ಬಿಟ್: ಬೇಕಾದ ಕ್ಲಾಕ್ 1.536 ಮೆಗಾಹರ್ಟ್ಜ್. ಡಿಎಸ್‌ಸಿ ಬಳಿ ಇರುವುದು 8 ಮೆಗಾಹರ್ಟ್ಜ್ ಹರಳು. ಅದನ್ನು ಪಿಎಲ್‌ಎಲ್‌ನಿಂದ ಹತ್ತು ಪಟ್ಟು ಮಾಡಿ 80ಕ್ಕೆ ಏರಿಸಿದರೂ ಭಾಗಲಬ್ಧ 52.08, ಪೂರ್ಣಾಂಕ ಭಾಜಕದಿಂದ 1.536 ಸಿಗುವುದೇ ಇಲ್ಲ. 52ರಿಂದ ಭಾಗಿಸಿ ಸುಮಾರಾಗಿ ಹೊಂದಿಸಿದರೆ ಸ್ಯಾಂಪಲ್ ವೇಗ 48,000ಕ್ಕೆ ನಿಲ್ಲದೆ ಒಂದಿಷ್ಟು ಮೇಲೇರುತ್ತದೆ. ಬೇರೆಡೆಯಿಂದ ನಿಖರವಾಗಿ 48,000ಕ್ಕೆ ಬರುವ ಧ್ವನಿಯ ಜೊತೆ ಅದನ್ನು ಬೆರೆಸಬೇಕಾದಾಗ ಸ್ಯಾಂಪಲ್‌ಗಳು ಕ್ರಮೇಣ ಕೊರತೆ ಬೀಳುತ್ತವೆ. ಕೋಡೆಕ್ ಪಕ್ಕದಲ್ಲಿ 12.288 ಮೆಗಾಹರ್ಟ್ಜ್ ಹರಳು ಕೂರಿಸಿದರೆ ಅದು 48,000ದ ಸರಿಯಾಗಿ 256 ಪಟ್ಟು; ಭಾಗಾಕಾರದಲ್ಲಿ ಶೇಷವೇ ಉಳಿಯುವುದಿಲ್ಲ. ಸಿಡಿಯ 44,100ಕ್ಕೆ ಇದೇ ಲೆಕ್ಕದಲ್ಲಿ 11.2896 ಮೆಗಾಹರ್ಟ್ಜ್. ಅಂಗಡಿಯಲ್ಲಿ ಈ ವಿಚಿತ್ರ ಅಂಕಿಗಳ ಹರಳುಗಳು ಏಕಿವೆ ಎಂದು ಕೇಳಿದ್ದ ಓದುಗರಿಗೆ ಇದೇ ಉತ್ತರ.

ಈಗ ಎಡುಪಿನ ವಿಷಯ. ಫಿಲಿಪ್ಸ್ ಕಂಪನಿ 1986ರಲ್ಲಿ ಪ್ರಕಟಿಸಿದ ಐ2ಎಸ್ ಎಂಬ ಧ್ವನಿ ಬಸ್‌ನಲ್ಲಿ ಎಡ-ಬಲ ಹೇಳುವ ತಂತಿ ಬದಲಾದ ಕೂಡಲೇ ಡೇಟಾ ಶುರುವಾಗುವುದಿಲ್ಲ, ಒಂದು ಬಡಿತ ಬಿಟ್ಟು ಶುರುವಾಗುತ್ತದೆ. ಲೆಫ್ಟ್-ಜಸ್ಟಿಫೈಡ್ ಎಂಬ ಇನ್ನೊಂದು ರೂಢಿಯಲ್ಲಿ ತಂತಿ ಬದಲಾದ ಬಡಿತಕ್ಕೇ ಮೊದಲ ಬಿಟ್ ಹಾಜರು. ಒಂದು ಅನಾಗತ, ಇನ್ನೊಂದು ಸಮ. 56800ರ ಎಸ್‌ಎಸ್‌ಐನಲ್ಲಿ ಫ್ರೇಮ್ ಸಿಂಕ್ ಅನ್ನು ಡೇಟಾಕ್ಕಿಂತ ಒಂದು ಬಿಟ್ ಮುಂಚೆ ಕಳಿಸಬೇಕೇ, ಜೊತೆಯಲ್ಲೇ ಕಳಿಸಬೇಕೇ ಎಂದು ತೀರ್ಮಾನಿಸುವ ಒಂದು ಬಿಟ್ ಇದೆ. ಎರಡು ತುದಿಗಳು ಇದರಲ್ಲಿ ಒಮ್ಮತಕ್ಕೆ ಬರದಿದ್ದರೆ ಏನಾಗುತ್ತದೆಂದು ನಾನು ಹತ್ತಿರದಿಂದ ನೋಡಿದ್ದೇನೆ. ಒಂದು ಸಣ್ಣ ತಂಡದ ಯುವಕರು ಧ್ವನಿ ಬೋರ್ಡ್ ಒಂದನ್ನು ತಂದಿದ್ದರು. ಮೆಲ್ಲಗೆ ಮಾತಾಡಿದರೆ ಸ್ವಚ್ಛವಾಗಿ ಕೇಳುತ್ತಿತ್ತು, ದನಿ ಏರಿಸಿದರೆ ಕಿವಿಗೆ ಬಡಿಯುವಂಥ ಕರ್ಕಶ. ಮೈಕ್ ಬದಲಿಸಿದ್ದರು, ಆಂಪ್ಲಿಫೈಯರ್ ಬದಲಿಸಿದ್ದರು, ವಿದ್ಯುತ್ ಪೂರೈಕೆಯನ್ನೂ ಅನುಮಾನಿಸಿದ್ದರು. ಕೋಡೆಕ್ ಸಮದಲ್ಲಿ ಎತ್ತುತ್ತಿತ್ತು, ಡಿಎಸ್‌ಸಿ ಒಂದು ಬಿಟ್ ಕಾಯುತ್ತಿತ್ತು.

ಒಂದು ಬಿಟ್ ತಡವಾದರೆ ದೊಡ್ಡ ದನಿ ಮಾತ್ರ ಕೆಡುವುದೇಕೆ? 16 ಬಿಟ್‌ನ ಸಂಖ್ಯೆಯಲ್ಲಿ ಮೊದಲ ಬಿಟ್ ಚಿಹ್ನೆಯದು. ಡಿಎಸ್‌ಸಿ ತಡವಾಗಿ ಓದಿದಾಗ ಆ ಬಿಟ್ ಕಳೆದುಹೋಗಿ ಉಳಿದವೆಲ್ಲ ಒಂದೊಂದು ಸ್ಥಾನ ಮೇಲೇರುತ್ತವೆ, ಅಂದರೆ ಸಂಖ್ಯೆ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಸಣ್ಣ ಸಂಖ್ಯೆಗಳಲ್ಲಿ ಚಿಹ್ನೆಯ ಬಿಟ್ ಮತ್ತು ಅದರ ಮುಂದಿನ ಬಿಟ್ ಒಂದೇ ಆಗಿರುವುದರಿಂದ ಚಿಹ್ನೆ ಉಳಿದುಕೊಳ್ಳುತ್ತದೆ. 1,000 ಇದ್ದದ್ದು 2,000 ಆಗುತ್ತದೆ, ದನಿ ಸ್ವಲ್ಪ ಜೋರಾಯಿತೆನಿಸುತ್ತದೆ ಅಷ್ಟೆ. ಆದರೆ 20,000 ಎರಡು ಪಟ್ಟಾದರೆ 40,000. ಚಿಹ್ನೆಯುಳ್ಳ 16 ಬಿಟ್‌ನಲ್ಲಿ ಅದಕ್ಕೆ ಜಾಗವಿಲ್ಲ, ಅದು ಋಣ 25,536 ಎಂದು ಓದಲ್ಪಡುತ್ತದೆ. ಅಲೆಯ ಶಿಖರದಲ್ಲಿರಬೇಕಾದದ್ದು ಕಣಿವೆಗೆ ಬೀಳುತ್ತದೆ, ಕಿವಿಗೆ ಬಡಿಯುವುದು ಆ ಬೀಳುವಿಕೆ. ಇಷ್ಟು ಗೊತ್ತಿದ್ದವರು ಕರ್ಕಶವನ್ನು ಕೇಳಿಯೇ ಎಡುಪಿನ ತಪ್ಪನ್ನು ಊಹಿಸಬಲ್ಲರು. ಒಂದು ಬಿಟ್ ಬದಲಿಸಿದ್ದಕ್ಕೆ ಆ ಬೋರ್ಡ್ ಸರಿಹೋಯಿತು, ತಂಡದ ಮುಖಗಳಲ್ಲಿ ಕಂಡ ನೆಮ್ಮದಿ ನನಗೂ ಸಂತೋಷ ತಂದಿತು.

ಇಂಥ ತಪ್ಪು ಹುಡುಕಲು ಕಿವಿಗಿಂತ ಒಳ್ಳೆಯ ದಾರಿ ಒಂದಿದೆ. ಮೈಕ್ ಬದಿಗಿಟ್ಟು ಗೊತ್ತಿರುವ ವರ್ಡ್ ಕಳಿಸಿ ನೋಡುವುದು. ಹೆಕ್ಸ್‌ನಲ್ಲಿ 8001, ಅಂದರೆ ಎರಡು ತುದಿಯಲ್ಲಿ ಒಂದೊಂದು 1, ನಡುವೆ ಹದಿನಾಲ್ಕು ಸೊನ್ನೆ. ಇದನ್ನೇ ಬಿಡುವಿಲ್ಲದೆ ಕಳಿಸಿ. ಆ ತುದಿಯಲ್ಲಿ 0003 ಬಂದರೆ ಒಂದು ಬಿಟ್ ತಡವಾಗಿ ಓದುತ್ತಿದ್ದೀರಿ. ಮೊದಲ ಎರಡು ಬಿಟ್ 1 ಆಗಿ ಉಳಿದದ್ದೆಲ್ಲ ಸೊನ್ನೆ ಬಂದರೆ ಒಂದು ಬಿಟ್ ಬೇಗ ಓದುತ್ತಿದ್ದೀರಿ. ಈ ಸಂಖ್ಯೆಯನ್ನು ತಿರುಗಿಸಿದರೂ ಅದೇ ಇರುವುದರಿಂದ ದೊಡ್ಡ ಬಿಟ್ ಮೊದಲೋ ಚಿಕ್ಕದು ಮೊದಲೋ ಎಂಬುದು ಇದರಿಂದ ತಿಳಿಯದು, ಅದಕ್ಕೆ 1234 ಬಳಸಿ. ಸ್ಲಾಟ್‌ಗಳು ಅದಲುಬದಲಾಗಿವೆಯೇ ಎಂದು ನೋಡಲು ಪ್ರತಿ ಸ್ಲಾಟ್‌ನಲ್ಲೂ ಅದರ ಸಂಖ್ಯೆಯನ್ನೇ ಕಳಿಸಿ. ಇವೆಲ್ಲ ಸರಿಯಿದ್ದೂ ಆಗಾಗ ಬಿಟ್‌ಗಳು ಕೆಡುತ್ತಿದ್ದರೆ, ಅದರಲ್ಲೂ ಬೋರ್ಡ್ ಬಿಸಿಯಾದಾಗ ಹೆಚ್ಚು ಕೆಡುತ್ತಿದ್ದರೆ, ಕ್ಲಾಕ್‌ನ ಅಂಚು ಪರೀಕ್ಷಿಸಿ. ಏರುವ ಅಂಚಿನಲ್ಲಿ ಡೇಟಾ ಬದಲಾಗುವುದಾದರೆ ಇಳಿಯುವ ಅಂಚಿನಲ್ಲಿ ಓದಬೇಕು. ಬದಲಾಗುವ ಗಳಿಗೆಯಲ್ಲಿಯೇ ಓದಿದರೆ ಬರುವುದು ಅದೃಷ್ಟದ ಫಲ.

ಬೇರೆ ಕಂಪನಿಗಳ ಚಿಪ್ ಬಳಸುವವರು ಇದೆಲ್ಲ ತಮಗಲ್ಲವೆಂದು ಪುಟ ತಿರುಗಿಸಬೇಡಿ. ಮೈಕ್ರೊಚಿಪ್‌ನ ಡಿಎಸ್‌ಪಿಕ್ ಸರಣಿಯಲ್ಲಿ ಈ ಕೆಲಸ ಮಾಡುವ ಭಾಗಕ್ಕೆ ಡಿಸಿಐ ಎನ್ನುತ್ತಾರೆ. ಅದರಲ್ಲಿ ಎರಡು ಬಿಟ್‌ಗಳಿಂದ ನಾಲ್ಕು ಆಯ್ಕೆ: ಬಹುಚಾನೆಲ್ ಫ್ರೇಮ್ ಸಿಂಕ್, ಐ2ಎಸ್, 16 ಬಿಟ್ ಎಸಿ-ಲಿಂಕ್, 20 ಬಿಟ್ ಎಸಿ-ಲಿಂಕ್. ಮೊದಲನೆಯದು ನೀವು ಈಗಾಗಲೇ ನೋಡಿದ ಸ್ಲಾಟ್ ಹಂಚಿಕೆ, ಎರಡನೆಯದರ ಎಡುಪು ನಿಮಗೆ ಗೊತ್ತು. ಎಸಿ-ಲಿಂಕ್ ಪಿಸಿ ಧ್ವನಿಗಾಗಿ ಇಂಟೆಲ್ ರೂಪಿಸಿದ ಎಸಿ97ರ ಭಾಗ. 16 ಬಿಟ್‌ನ ಒಂದು ಸ್ಲಾಟ್, ಅದರ ಹಿಂದೆ 20 ಬಿಟ್‌ನ ಹನ್ನೆರಡು ಸ್ಲಾಟ್, ಒಟ್ಟು 256 ಬಿಟ್‌ನ ಫ್ರೇಮ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಂಸಿಬಿಎಸ್‌ಪಿ 128 ಚಾನೆಲ್‌ವರೆಗೆ ಹೋಗುತ್ತದೆ. ಹೆಸರು, ಮಿತಿ ಬೇರೆ. ಕ್ಲಾಕ್ ಯಾರದು, ಓದುವ ಅಂಚು ಯಾವುದು, ವರ್ಡ್ ಎಲ್ಲಿ ಶುರು, ಫ್ರೇಮ್‌ನಲ್ಲಿ ಎಷ್ಟು ವರ್ಡ್ ಎಂಬ ತೀರ್ಮಾನಗಳನ್ನು ಎಲ್ಲ ಕಡೆಯೂ ನೀವೇ ಮಾಡಬೇಕು.

ಕಾಲೇಜುಗಳಲ್ಲಿ ಇದನ್ನು ಕಲಿಸುವ ರೀತಿಯ ಬಗ್ಗೆ ನನಗೊಂದು ಅಸಮಾಧಾನವಿದೆ, ಅದನ್ನು ಹೇಳಿ ಮುಗಿಸುತ್ತೇನೆ. ಈಗಿನ ತಂತ್ರಾಂಶ ಸಾಧನಗಳಲ್ಲಿ ಮೋಡ್ ಆರಿಸುವುದೆಂದರೆ ಒಂದು ಪಟ್ಟಿಯಿಂದ ಹೆಸರು ಒತ್ತುವುದು; ಕೋಡ್ ತಾನೇ ತಯಾರಾಗುತ್ತದೆ. ಕೆಲಸ ಬೇಗ ಸಾಗುತ್ತದೆ ನಿಜ, ಆದರೆ ಕೋಡೆಕ್‌ನ ಡೇಟಾಶೀಟ್‌ನಲ್ಲಿರುವ ಅಲೆಚಿತ್ರವನ್ನು ಓದಬೇಕಾದ ಸಂದರ್ಭವೇ ವಿದ್ಯಾರ್ಥಿಗೆ ಬರುವುದಿಲ್ಲ. ಕಲಿಕೆ ಇರುವುದು ಆ ಚಿತ್ರದಲ್ಲಿ. ಪಾಠ ಮಾಡುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೆ. ಲ್ಯಾಬ್ ಪರೀಕ್ಷೆಯಲ್ಲಿ ಯಾವುದಾದರೂ ಕೋಡೆಕ್‌ನ ಡೇಟಾಶೀಟ್ ಪುಟವೊಂದನ್ನು ಕೊಟ್ಟು ಕ್ಲಾಕ್, ಫ್ರೇಮ್ ಸಿಂಕ್, ಡೇಟಾ ಮೂರನ್ನೂ ಒಂದರ ಕೆಳಗೊಂದು ಕೈಯಿಂದ ಬರೆಸಿ, ಅರ್ಧ ಅಂಕ ಅದಕ್ಕೇ ಮೀಸಲಿಡಿ. ಆಮೇಲೆ ಲಾಜಿಕ್ ಅನಲೈಸರ್ ಜೋಡಿಸಿ, ತಾನು ಬರೆದದ್ದು ತಂತಿಯ ಮೇಲೆ ಬರುತ್ತಿದೆಯೇ ಎಂದು ವಿದ್ಯಾರ್ಥಿಯೇ ಪರೀಕ್ಷಿಸಲಿ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಕೆಲವು ಮೆಗಾಹರ್ಟ್ಜ್ ವೇಗದ ಸಾಲು ನೋಡಲು ಅಗ್ಗದ ಯುಎಸ್‌ಬಿ ಅನಲೈಸರ್ ಸಾಕು. ಹೀಗೆ ಕಲಿತವರು ಕೆಲಸಕ್ಕೆ ಸೇರಿದ ಮೇಲೆ ಯಾವ ಕಂಪನಿಯ ಚಿಪ್ ಎದುರಾದರೂ ಅದರ ಅಲೆಚಿತ್ರ ಹುಡುಕುವುದರಿಂದಲೇ ಕೆಲಸ ಶುರುಮಾಡುತ್ತಾರೆ.